ಸಾಗರ ಆಮ್ಲೀಕರಣ ಮತ್ತು ಮರುವಾಯಿ ಚಿಪ್ಪಿನ ಬೆಳವಣಿಗೆ

ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸಮುದ್ರದ ನೀರಿನ ಪಿಎಚ್ ಕುಗ್ಗುತ್ತ ಹೋಗುವುದನ್ನು ಸಾಗರ ಆಮ್ಲೀಕರಣ ಎನ್ನುತ್ತಾರೆ. ನಮ್ಮ ಕರಾವಳಿಯವರು ಮರುವಾಯಿ, ಬಳಚು ಎಂದು ಕರೆಯುವ ಎರಡು ಚಿಪ್ಪಿನ ಮೃದ್ವಂಗಿಗಳ ಮೇಲೆ ಇದು ಏನು ಮಾಡುತ್ತದೆ ಎಂಬ ಸಂಶೋಧನೆಯ ಬೇರುಗಳು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿವೆ. ಅದರ ದೊಡ್ಡ ಪಾಲು ಅಮೆರಿಕದ ಪೂರ್ವ ಕರಾವಳಿಯ ಗಟ್ಟಿಚಿಪ್ಪಿನ ಮರುವಾಯಿಯ ಸುತ್ತ ನಡೆಯಿತು. ಶಾಸ್ತ್ರದಲ್ಲಿ ಅದರ ಹೆಸರು ಮರ್ಸಿನೇರಿಯ ಮರ್ಸಿನೇರಿಯ.

ಸಮುದ್ರ ಹುಳಿ ನೀರಾಗುತ್ತಿದೆ ಎಂದು ಇದರ ಅರ್ಥವಲ್ಲ. ಕೈಗಾರಿಕಾ ಯುಗಕ್ಕೆ ಮುಂಚೆ ಮೇಲ್ಮೈ ನೀರಿನ ಪಿಎಚ್ ಸುಮಾರು 8.2 ಇತ್ತು, ಈಗ ಸುಮಾರು 8.1. ಈಗಲೂ ಅದು ಪ್ರತ್ಯಾಮ್ಲೀಯವೇ. ಆದರೆ ಪಿಎಚ್ ಮಾನದಲ್ಲಿ 0.1 ಇಳಿದರೆ ಹೈಡ್ರೋಜನ್ ಅಯಾನುಗಳು ಶೇ. 26ರಷ್ಟು ಹೆಚ್ಚುತ್ತವೆ. ಈ ಅಯಾನುಗಳು ನೀರಿನಲ್ಲಿರುವ ಕಾರ್ಬನೇಟನ್ನು ಹಿಡಿದು ಬೈಕಾರ್ಬನೇಟ್ ಆಗಿಸುತ್ತವೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬನೇಟಿನದು. ಕಾರ್ಬನೇಟ್ ಕಡಿಮೆಯಾದಷ್ಟೂ ಚಿಪ್ಪು ಕಟ್ಟುವುದು ಪ್ರಾಣಿಗೆ ದುಬಾರಿಯಾಗುತ್ತದೆ, ಕಟ್ಟಿದ್ದು ಕರಗುವುದು ಸುಲಭವಾಗುತ್ತದೆ.

ಪಿಎಚ್ ಮಾನವನ್ನು 1909ರಲ್ಲಿ ರೂಪಿಸಿದವರು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸೆನ್. ಸಮುದ್ರದ ನೀರಿಗೂ ಬೇಗನೆ ಅದನ್ನು ಹಚ್ಚಿ ನೋಡಲಾಯಿತು. ಮರುವಾಯಿಗೂ ಆಮ್ಲಕ್ಕೂ ಇರುವ ನಂಟು ಗಮನಕ್ಕೆ ಬಂದದ್ದು ಮಾತ್ರ ಬೇರೆಯೇ ದಾರಿಯಿಂದ. ನೀರಿಳಿದಾಗ ಈ ಜೀವಿ ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು ಆಮ್ಲಜನಕವಿಲ್ಲದೆ ಬಹಳ ಹೊತ್ತು ಬದುಕಬಲ್ಲದು. ಆಗ ದೇಹದಲ್ಲಿ ಆಮ್ಲ ಹುಟ್ಟುತ್ತದೆ. ಅದನ್ನು ತಣಿಸಲು ಮರುವಾಯಿ ತನ್ನದೇ ಚಿಪ್ಪಿನ ಒಳಮೈಯನ್ನು ಕರಗಿಸಿಕೊಳ್ಳುತ್ತದೆ ಎಂದು 1939ರಲ್ಲಿ ಲೂಯಿ ಪಾಲ್ ಡ್ಯೂಗಾಲ್ ತೋರಿಸಿದರು. 1969ರಲ್ಲಿ ಕ್ರೆನ್‌ಷಾ ಮತ್ತು ನೆಫ್ ಇದನ್ನು ಇನ್ನಷ್ಟು ಹತ್ತಿರದಿಂದ, ಚಿಪ್ಪಿಗೂ ಅದನ್ನು ಸ್ರವಿಸುವ ಮೃದು ಹೊದಿಕೆಗೂ ನಡುವಿನ ಎಡೆಯಲ್ಲೇ ಪರೀಕ್ಷಿಸಿದರು. ಹೀಗೆ ಚಿಪ್ಪೆಂದರೆ ಒಮ್ಮೆ ಕಟ್ಟಿ ಬಿಟ್ಟ ಗೋಡೆಯಲ್ಲ, ದಿನವೂ ಕಟ್ಟುವಿಕೆ ಕರಗುವಿಕೆ ಎರಡೂ ನಡೆಯುವ ಅಂಗ ಎಂಬುದು ಆಗಲೇ ಸ್ಪಷ್ಟವಾಗಿತ್ತು. ಮುಂದಿನ ಎಲ್ಲ ಚರ್ಚೆಗೂ ಇದೇ ತಳಹದಿಯಾಗಬೇಕಿತ್ತು. ಆದರೆ ಸಾಗರ ರಸಾಯನಶಾಸ್ತ್ರವೂ ಮೃದ್ವಂಗಿಗಳ ಅಧ್ಯಯನವೂ ಹಲವು ದಶಕಗಳ ಕಾಲ ಒಂದನ್ನೊಂದು ನೋಡದೆ ನಡೆದವು.

ರಸಾಯನಶಾಸ್ತ್ರದ ಕಡೆ 1957 ಮುಖ್ಯ ವರ್ಷ. ಸಮುದ್ರ ತನ್ನೊಳಗಿನ ರಾಸಾಯನಿಕ ಸಮತೋಲದಿಂದಾಗಿಯೇ ಹೊಸ ಇಂಗಾಲದ ಡೈಆಕ್ಸೈಡನ್ನು ಸಲೀಸಾಗಿ ನುಂಗಲಾರದು ಎಂದು ಆ ವರ್ಷ ರೋಜರ್ ರೆವೆಲ್ ಮತ್ತು ಹಾನ್ಸ್ ಸ್ಯೂಸ್ ವಿವರಿಸಿದರು. ಮರುವರ್ಷವೇ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನ ಅಳತೆ ಆರಂಭಿಸಿದರು. ಅದೇ ದ್ವೀಪಗಳ ಬಳಿ ಅಲೋಹಾ ಎಂಬ ಸಾಗರ ನೆಲೆಯಲ್ಲಿ 1988ರಿಂದ ನಡೆದಿರುವ ಅಳತೆಗಳು ಆ ಅನಿಲದ ಏರಿಕೆಗೆ ಸರಿಯಾಗಿ ನೀರಿನ ಪಿಎಚ್ ಇಳಿಯುತ್ತಿರುವುದನ್ನು ದಾಖಲಿಸಿವೆ. ಇತ್ತ 1966ರಲ್ಲಿ ಕಲಾಬ್ರೀಸ್ ಮತ್ತು ಡೇವಿಸ್ ಮರ್ಸಿನೇರಿಯದ ಭ್ರೂಣಗಳು 7.00ರಿಂದ 8.75ರವರೆಗಿನ ಪಿಎಚ್‌ನಲ್ಲಿ ಸರಿಯಾಗಿ ಬೆಳೆಯುತ್ತವೆ ಎಂದು ಕಂಡುಕೊಂಡರು. ಆ ಅಂಕಿಗಳನ್ನು ನೋಡಿದವರಿಗೆ ಚಿಂತೆಗೆ ಕಾರಣವೇ ಕಾಣದು, ಏಕೆಂದರೆ ತೆರೆದ ಸಮುದ್ರ 7ಕ್ಕೆ ಇಳಿಯುವ ಮಾತೇ ಇಲ್ಲ. ಆದರೆ ಭ್ರೂಣ ಬದುಕುತ್ತದೆಯೇ ಎಂಬುದು ಒಂದು ಪ್ರಶ್ನೆ, ಅದರ ಚಿಪ್ಪು ಎಷ್ಟು ದಪ್ಪ ಎಂಬುದು ಇನ್ನೊಂದು. ಎರಡನೆಯದನ್ನು ಕೇಳುವ ಕಾಲ ಇನ್ನೂ ಬಂದಿರಲಿಲ್ಲ.

2003ರಲ್ಲಿ ಕೆನ್ ಕಾಲ್ಡೀರಾ ಮತ್ತು ಮೈಕೆಲ್ ವಿಕೆಟ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪುಟ್ಟ ಲೇಖನದಿಂದ ಸಾಗರ ಆಮ್ಲೀಕರಣ ಎಂಬ ಮಾತು ವಿಜ್ಞಾನಿಗಳ ನಡುವೆ ಹಬ್ಬಿತು. 2005ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ವರದಿ ತಂದಿತು. ಪ್ರಯೋಗಗಳು ಹೊಳೆಯಂತೆ ಹರಿದುಬಂದವು. 2007ರಲ್ಲಿ ಗಜೋ ಮತ್ತು ಸಂಗಡಿಗರು, ಗಾಳಿಯ ಇಂಗಾಲ ಏರಿದಂತೆ ಪಚ್ಚಿಲೆಯ ಬಳಗದ ನೀಲಿ ಮಸಲ್ ಈ ಶತಮಾನದ ಕೊನೆಗೆ ಸುಣ್ಣ ಕಟ್ಟುವ ವೇಗದಲ್ಲಿ ಶೇ. 25ನ್ನೂ ಪೆಸಿಫಿಕ್ ಸಿಂಪಿ ಶೇ. 10ನ್ನೂ ಕಳೆದುಕೊಳ್ಳಬಹುದು ಎಂದು ಲೆಕ್ಕ ಹಾಕಿದರು. 2009ರಲ್ಲಿ ರೀಸ್, ಕೋಹೆನ್ ಮತ್ತು ಮೆಕಾರ್ಕಲ್ 18 ಜಾತಿಗಳನ್ನು ಒಟ್ಟಿಗೆ ಪರೀಕ್ಷಿಸಿದಾಗ ಚಿತ್ರ ಜಟಿಲವಾಯಿತು. ಗಟ್ಟಿಚಿಪ್ಪಿನ ಮರುವಾಯಿ, ಮೃದುಚಿಪ್ಪಿನ ಮರುವಾಯಿ, ಸಿಂಪಿಗಳು ಸೊರಗಿದವು, ನೀಲಿ ಮಸಲ್ ಕದಲಲಿಲ್ಲ, ಏಡಿ ಮತ್ತು ಲಾಬ್‌ಸ್ಟರ್‌ಗಳು ಹೆಚ್ಚೇ ಸುಣ್ಣ ಕಟ್ಟಿದವು. ಒಂದೇ ಮಸಲ್ ಬಗ್ಗೆ ಎರಡು ಪ್ರಯೋಗಾಲಯಗಳು ಬೇರೆ ಬೇರೆ ಉತ್ತರ ಕೊಟ್ಟದ್ದು ಗಮನಿಸಬೇಕಾದ ಸಂಗತಿ. ಜರ್ಮನಿಯ ಕೀಲ್ ಕೊಲ್ಲಿಯಲ್ಲಿ ಟೊಮ್ಸೆನ್ ಮತ್ತು ಸಂಗಡಿಗರು ಮುಂದೆ ತೋರಿಸಿಕೊಟ್ಟಂತೆ, ಹೊಟ್ಟೆ ತುಂಬ ಆಹಾರ ಸಿಕ್ಕಿದರೆ ಇಂಗಾಲ ತುಂಬಿದ ನೀರಿನಲ್ಲೂ ಮಸಲ್ ಬೆಳೆಯುತ್ತದೆ. ಶತಮಾನಗಳ ಕಾಲ ಬದುಕುವ ಆರ್ಕ್ಟಿಕಾ ಐಲ್ಯಾಂಡಿಕಾ ಮರುವಾಯಿಯ ಮೇಲೆ ಬಾಲ್ಟಿಕ್ ಸಮುದ್ರದ ಪ್ರಯೋಗವೊಂದರಲ್ಲಿ ಯಾವ ಪರಿಣಾಮವೂ ಕಾಣಲಿಲ್ಲ.

ಹಾಗಾದರೆ ಅಪಾಯ ಎಲ್ಲಿದೆ? ಬೆಳೆದ ಮರುವಾಯಿಯಲ್ಲಿ ಅಲ್ಲ, ಕಣ್ಣಿಗೆ ಕಾಣದ ಲಾರ್ವಾದಲ್ಲಿ ಎಂಬ ಉತ್ತರ 2010ರ ಹೊತ್ತಿಗೆ ಗಟ್ಟಿಯಾಯಿತು. ಆ ವರ್ಷ ನ್ಯೂಯಾರ್ಕಿನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಟಾಲ್ಮೇಜ್ ಮತ್ತು ಗೋಬ್ಲರ್ ಮರ್ಸಿನೇರಿಯ ಲಾರ್ವಾಗಳನ್ನು ಮುಂದಿನ ಕಾಲದ ನೀರಿನಲ್ಲಷ್ಟೇ ಅಲ್ಲ, ಹಿಂದಿನ ಕಾಲದ ನೀರಿನಲ್ಲೂ ಬೆಳೆಸಿದರು. ಕೈಗಾರಿಕಾ ಯುಗಕ್ಕೆ ಮುಂಚಿನ, ಹತ್ತು ಲಕ್ಷಕ್ಕೆ ಸುಮಾರು 250 ಭಾಗ ಇಂಗಾಲದ ಡೈಆಕ್ಸೈಡಿನ ಸ್ಥಿತಿಯಲ್ಲಿ ಬೆಳೆದ ಲಾರ್ವಾಗಳು ಆಗಿನ 390 ಭಾಗದಲ್ಲಿ ಬೆಳೆದವಕ್ಕಿಂತ ಹೆಚ್ಚು ಬದುಕಿದವು, ಬೇಗ ಬೆಳೆದವು, ದಪ್ಪ ಚಿಪ್ಪು ಕಟ್ಟಿದವು. ಈ ಲೇಖನಕ್ಕೆ ಸೇರಿದ ಎಲ್ಲ ಪ್ರಯೋಗಗಳಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಅಲ್ಲಿಯವರೆಗೆ ‘ಇಂದಿನ ಸಮುದ್ರ’ವೇ ಆರೋಗ್ಯದ ಅಳತೆಗೋಲಾಗಿತ್ತು. ನಷ್ಟ ಮುಂದೆ ಬರುವುದಲ್ಲ, ಆಗಲೇ ಆಗಿದೆ ಎಂದು ಈ ಲಾರ್ವಾಗಳು ಹೇಳಿದವು.

ಇದೇ ಸಮಯದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ವಿಷಯ ಪ್ರಯೋಗಾಲಯದಿಂದ ಹೊರಬಂತು. ಆರಿಗನ್ ರಾಜ್ಯದ ನೆಟಾರ್ಟ್ಸ್ ಕೊಲ್ಲಿಯ ವಿಸ್ಕಿ ಕ್ರೀಕ್ ಸಿಂಪಿ ಮರಿ ಕೇಂದ್ರದಲ್ಲಿ 2007ರಿಂದ ಲಾರ್ವಾಗಳು ರಾಶಿ ರಾಶಿ ಸಾಯತೊಡಗಿದವು. ಮೊದಲು ಬ್ಯಾಕ್ಟೀರಿಯದ ಮೇಲೆ ಸಂಶಯ. ಕೊನೆಗೆ, ಗಾಳಿಯ ದೆಸೆಯಿಂದ ಆಳದಿಂದ ಮೇಲೆದ್ದು ಬರುವ ಇಂಗಾಲಭರಿತ ನೀರೇ ಕಾರಣ ಎಂದು ಬಾರ್ಟನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಕೇಂದ್ರದವರು ನೀರಿಗೆ ಸೋಡಿಯಂ ಕಾರ್ಬನೇಟ್ ಬೆರೆಸಿ, ಪಿಎಚ್ ಮೇಲೆ ಕಣ್ಣಿಟ್ಟು ಉತ್ಪಾದನೆಯನ್ನು ಉಳಿಸಿಕೊಂಡರು. ಸಿಂಪಿಯ ಲಾರ್ವಾ ಮೊದಲ ಚಿಪ್ಪನ್ನು ಸುಮಾರು ಎರಡು ದಿನಗಳಲ್ಲಿ ಕಟ್ಟಿ ಮುಗಿಸಬೇಕು, ಅದೂ ಮೊಟ್ಟೆಯಲ್ಲಿ ತಾಯಿ ಇಟ್ಟ ಬಂಡವಾಳದಿಂದಲೇ ಎಂದು ಆರಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಾಲ್ಡ್‌ಬಸರ್ ಮತ್ತು ಸಂಗಡಿಗರು 2013ರಲ್ಲಿ ವಿವರಿಸಿದರು. ಆ ಗಂಟೆಗಳಲ್ಲಿ ನೀರು ಕಾರ್ಬನೇಟಿನಿಂದ ಸಂತೃಪ್ತವಾಗಿಲ್ಲದಿದ್ದರೆ ಬಂಡವಾಳ ಚಿಪ್ಪಿಗೇ ಖರ್ಚಾಗಿ, ಮರಿ ತಿನ್ನಲು ಕಲಿಯುವ ಮುಂಚೆಯೇ ಸೋಲುತ್ತದೆ.

ಲಾರ್ವಾ ದಾಟಿ ಉಳಿದ ಮರಿಗೆ ಮುಂದಿನ ಕಂಟಕ ಕೆಸರು. ಕೊಳೆಯುವ ಜೈವಿಕ ವಸ್ತುವಿನಿಂದ ಕೆಸರಿನ ನೀರು ಮೇಲಿನ ನೀರಿಗಿಂತ ಹೆಚ್ಚು ಆಮ್ಲೀಯವಾಗಿರುತ್ತದೆ. ಅದರಲ್ಲಿ ಬಂದಿಳಿಯುವ 0.2 ಮಿಲಿಮೀಟರ್ ಗಾತ್ರದ ಮರ್ಸಿನೇರಿಯ ಮರಿಗಳು ಚಿಪ್ಪು ಕರಗಿಯೇ ಸಾಯುತ್ತವೆ ಎಂದು ಮೇನ್ ರಾಜ್ಯದ ಮಾರ್ಕ್ ಗ್ರೀನ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ್ದರು. 2009ರಲ್ಲಿ ಅವರೇ ಕೆಸರಿಗೆ ಪುಡಿಮಾಡಿದ ಹಳೆಯ ಚಿಪ್ಪು ಬೆರೆಸಿ ನೋಡಿದರು. ಎರಡು ವಾರಗಳಲ್ಲಿ ಅಲ್ಲಿ ನೆಲೆಯೂರಿದ ಮೃದುಚಿಪ್ಪಿನ ಮರುವಾಯಿ ಮರಿಗಳ ಸಂಖ್ಯೆ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಸತ್ತ ತಲೆಮಾರಿನ ಸುಣ್ಣ ಹುಟ್ಟುವ ತಲೆಮಾರನ್ನು ಕಾಯುತ್ತದೆ ಎಂಬುದು ಇದರಿಂದ ನೇರವಾಗಿ ಸಾಬೀತಾಯಿತು.

ಕರ್ನಾಟಕದ ಮಟ್ಟಿಗೆ ಆರಿಗನ್ ಮತ್ತು ಮೇನ್‌ನ ಈ ಎರಡು ಫಲಿತಾಂಶಗಳೂ ಪರಕೀಯವಲ್ಲ. ನೈಋತ್ಯ ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಆಳದಿಂದ ಆಮ್ಲಜನಕ ಕಡಿಮೆಯಿರುವ ನೀರು ಭಾರತದ ಪಶ್ಚಿಮ ಕರಾವಳಿಯತ್ತ ಮೇಲೇರುತ್ತದೆ. ಅಂಥ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತು ಕೆಸರಿಗಿಳಿದು ಬಳಚು ಹೆಕ್ಕುವುದೇ ಎಷ್ಟೋ ಮನೆಗಳ ಜೀವನ. ಕರಾವಳಿಯ ಅಳಿವೆಗಳಿಂದ ಹಳೆಯ ಚಿಪ್ಪನ್ನು ಎತ್ತಿ ಸುಣ್ಣ ಸುಡುವ ರೂಢಿಯೂ ತಲೆತಲಾಂತರದ್ದು. ಗ್ರೀನ್ ಅವರ ಪ್ರಯೋಗವನ್ನು ಮುಂದಿಟ್ಟುಕೊಂಡು ನೋಡಿದರೆ, ಹಾಗೆ ಎತ್ತಿದ ಚಿಪ್ಪಿನ ಜೊತೆ ಕೆಸರಿನ ಆಮ್ಲವನ್ನು ತಣಿಸುವ ಸುಣ್ಣವೂ ಮರಿಗಳು ಬಂದಿಳಿಯುವ ಜಾಗದಿಂದ ಹೊರಟುಹೋಗುತ್ತದೆ. ಆದ್ದರಿಂದ ಚಿಪ್ಪು ತೆಗೆಯಲು ಪರವಾನಗಿ ಕೊಡುವವರು ಮರಿ ಇಳಿಯುವ ತಿಂಗಳುಗಳಲ್ಲಿ ಆ ಕೆಸರಿನ ಪಿಎಚ್ ಅಳೆಸುವುದು ಅಗತ್ಯ.