ಒತ್ತಕ್ಷರಕ್ಕೊಂದಿಷ್ಟು ಜಾಗ

ಫಲ್ಗುಣಿ ನದಿಯ ತೀರದ ಪೊಳಲಿ, ರಾಜರಾಜೇಶ್ವರಿಯ ಮೃಣ್ಮಯ ಮೂರ್ತಿಗೂ ಜಾತ್ರೆಯ ಚೆಂಡಾಟಕ್ಕೂ ಹೆಸರಾದ ಕ್ಷೇತ್ರ. ಮಂಗಳೂರಿನಿಂದ ಗುರುಪುರ ಮಾರ್ಗವಾಗಿ ಅಲ್ಲಿಗೆ ಹೋಗುವಾಗ ಕೈಕಂಬದ ಆಸುಪಾಸಿನಲ್ಲೇ ಕಿನ್ನಿಕಂಬಳವೆಂಬ ಊರಿದೆ. ಕನ್ನಡದ ಗಣಕ ಚರಿತ್ರೆಯಲ್ಲಿ ಈ ಪುಟ್ಟ ಊರಿಗೂ ಒಂದು ಸ್ಥಾನವುಂಟು. ಕನ್ನಡಕ್ಕೆ ತರ್ಕಬದ್ಧವಾದ ಕೀಲಿಮಣೆ ವಿನ್ಯಾಸವನ್ನು ಕೊಟ್ಟ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್, ಈ ಊರಿನವರು.

ಅವರ ಕೆಲಸದ ಮಹತ್ವ ತಿಳಿಯಬೇಕಾದರೆ ‘ಪುಟ ಕಟ್ಟುವ’ ವಿದ್ಯೆಯ ಹಿಂದಿನ ಕಥೆಯನ್ನು ನೋಡಬೇಕು. ಇಂದು ಯಾವುದೇ ದೇವಸ್ಥಾನವೋ ಸಹಕಾರಿ ಸಂಘವೋ ಜಾಲತಾಣ ಮಾಡಿಸಲು ಹೊರಟಾಗ ಮೊದಲು ಸಿದ್ಧವಾಗುವುದು ಅದರ ಕರಡು ಚಿತ್ರ. ವಿನ್ಯಾಸಕಾರರು ಅದನ್ನು ಮಾಕಪ್ ಎನ್ನುತ್ತಾರೆ. ಅದನ್ನು ಕಾಗದದಲ್ಲಿ ಬರೆಯಬೇಕೆ, ಚಿತ್ರ ತಂತ್ರಾಂಶದಲ್ಲಿ ಮಾಡಬೇಕೆ, ನೇರವಾಗಿ ಬ್ರೌಸರಿನಲ್ಲೇ ಕಟ್ಟಬೇಕೆ ಎಂಬುದು ಹೊಸ ಪ್ರಶ್ನೆಯಂತೆ ಕಾಣುತ್ತದೆ. ಕರಾವಳಿಯ ಮುದ್ರಕರಿಗೆ ಇಂಥದೇ ಪ್ರಶ್ನೆ ನೂರೆಂಬತ್ತು ವರ್ಷಗಳ ಹಿಂದೆಯೇ ಎದುರಾಗಿತ್ತು.

ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಹೊರಬಂತು. ಕಲ್ಲಚ್ಚಿನಲ್ಲಿ ಕೈಬರಹವೇ ಪುಟವಾಗುತ್ತದೆ. ಬರೆಯುವವನು ಒತ್ತಕ್ಷರಕ್ಕೆ ಎಷ್ಟು ಜಾಗ ಬೇಕೋ ಅಷ್ಟನ್ನು ಬಿಟ್ಟು ಬರೆದರಾಯಿತು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಗಿ ಅಚ್ಚುಮೊಳೆಗಳಲ್ಲಿ ಮುದ್ರಣ ಕಂಡಿತು. ಮೊಳೆಯ ಲೋಕದಲ್ಲಿ ಆ ಸ್ವಾತಂತ್ರ್ಯವಿಲ್ಲ. ಇಂಗ್ಲಿಷಿಗೆ ಒಂದು ಪೆಟ್ಟಿಗೆಯಷ್ಟು ಮೊಳೆ ಸಾಕಾದರೆ, ಕಾಗುಣಿತ, ಒತ್ತು, ಅರ್ಕಾವತ್ತುಗಳ ಕನ್ನಡಕ್ಕೆ ನೂರಾರು ಬಗೆಯ ಮೊಳೆಗಳು ಬೇಕು. ಸಾಲಿನ ಕೆಳಗೆ ಇಳಿಯುವ ಒತ್ತಿಗಾಗಿ ಸಾಲುಗಳ ನಡುವೆ ಹೆಚ್ಚು ಅಂತರ ಬಿಡಲೇಬೇಕು. ‘ರಾಷ್ಟ್ರ’ ಎಂಬ ಪದವನ್ನೇ ನೋಡಿ: ಒಂದು ಅಕ್ಷರದ ಅಡಿ ಎರಡು ಒತ್ತುಗಳು ನೇತಾಡುತ್ತವೆ.

ಪತ್ರಿಕಾಲಯಗಳಲ್ಲಿ ಪುಟದ ಕರಡಿಗೆ ‘ಡಮ್ಮಿ’ ಎಂದು ಹೆಸರು. ಅಂಕಣ ಗೆರೆಗಳಿದ್ದ ಹಾಳೆಯ ಮೇಲೆ ಉಪಸಂಪಾದಕರು ಪೆನ್ಸಿಲಿನಿಂದ ಸುದ್ದಿಗೆ, ಚಿತ್ರಕ್ಕೆ, ಜಾಹೀರಾತಿಗೆ ಚೌಕ ಹಾಕಿ ಕೊಡುತ್ತಿದ್ದರು. ಆಫ್‌ಸೆಟ್ ಬಂದ ಮೇಲೆ ಅಕ್ಷರ ಮೂಡಿದ ಬ್ರೋಮೈಡ್ ಹಾಳೆಯನ್ನು ಕತ್ತರಿಸಿ ಅಂಟಿಸುವ ಕ್ರಮ ಬಂತು. ಒಂದು ಸಾಲು ಹೆಚ್ಚಾದರೆ ಬ್ಲೇಡಿನಿಂದ ಎಬ್ಬಿಸಿ ತೆಗೆಯುತ್ತಿದ್ದರು. ಈ ಕತ್ತರಿ-ಅಂಟಿನ ಕೆಲಸವನ್ನೇ ಗಣಕದ ಪರದೆಗೆ ತಂದದ್ದು 1985ರಲ್ಲಿ ಅಮೆರಿಕದ ಆಲ್ಡಸ್ ಸಂಸ್ಥೆ ಹೊರತಂದ ಪೇಜ್‌ಮೇಕರ್.

ತೊಡಕು ಹುಟ್ಟಿದ್ದು ಇಲ್ಲಿ. ಪೇಜ್‌ಮೇಕರಿಗೆ ಕನ್ನಡವೆಂದರೇನೆಂದು ಗೊತ್ತಿರಲಿಲ್ಲ. ಆದ್ದರಿಂದ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳು ಹುಟ್ಟಿದವು. ಒಬ್ಬೊಬ್ಬ ತಯಾರಕರದು ಒಂದೊಂದು ಕ್ರಮ. ಪುಟ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಗಣಕದ ಒಳಗೆ ಕನ್ನಡವಿರಲಿಲ್ಲ. ಅಂದು ಹಾಗೆ ಉಳಿಸಿಟ್ಟ ಬರಹವನ್ನು ಇಂದು ಆ ಫಾಂಟಿಲ್ಲದೆ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಹುಡುಕಲೂ ಬಾರದು, ವಿಂಗಡಿಸಲೂ ಬಾರದು. ವರ್ಷಗಟ್ಟಲೆ ಬೆವರು ಸುರಿಸಿ ಟೈಪಿಸಿದ ಪುಸ್ತಕಗಳಿಗೂ ಇದೇ ಗತಿ ಬಂದುದು ಸಣ್ಣ ನಷ್ಟವಲ್ಲ.

ಕೆ.ಪಿ. ರಾವ್ ಹಿಡಿದ ದಾರಿ ಬೇರೆ. ವ್ಯಂಜನ ಮತ್ತು ಸ್ವರವನ್ನು ಬಿಡಿಬಿಡಿಯಾಗಿ ಒತ್ತಿದರೆ ಕಾಗುಣಿತವನ್ನೂ ಒತ್ತನ್ನೂ ಯಂತ್ರವೇ ಕೂಡಿಸಬೇಕೆಂಬುದು ಅವರ ತರ್ಕ. ವ್ಯಾಕರಣದ ಪಾಠದಲ್ಲಿ ಮಕ್ಕಳು ಅಕ್ಷರ ಬಿಡಿಸುವ ಕ್ರಮವೇ ಇದು. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರದು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ ಇದೇ ವಿನ್ಯಾಸವನ್ನು ಅನುಸರಿಸಿತು.

ಅಂತರಜಾಲದಲ್ಲಿ ಕನ್ನಡ ಕಾಲಿಟ್ಟಾಗಲೂ ಹಳೆಯ ತೊಡಕು ಬೆನ್ನುಬಿಡಲಿಲ್ಲ. ಯು.ಬಿ. ಪವನಜ 1996ರಲ್ಲಿ ಆರಂಭಿಸಿದ ‘ವಿಶ್ವಕನ್ನಡ’ ಕನ್ನಡದ ಮೊದಲ ಜಾಲತಾಣವೆಂದು ಹೆಸರಾಗಿದೆ. ಆ ಕಾಲದ ಕನ್ನಡ ಜಾಲಪುಟಗಳನ್ನು ಓದಲು ತಕ್ಕ ಫಾಂಟು ಬೇಕೇ ಬೇಕಿತ್ತು. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದ್ದರೂ ಅದು ಸಾಮಾನ್ಯರ ಗಣಕಕ್ಕೆ ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿಯ ‘ತುಂಗಾ’ ಫಾಂಟಿನೊಂದಿಗೆ. ಚಿತ್ರ ತಂತ್ರಾಂಶಗಳು ಇನ್ನೂ ಹಿಂದುಳಿದವು. ಫೋಟೋಶಾಪಿನಲ್ಲಿ ಬಹುಕಾಲ ಯುನಿಕೋಡ್ ಕನ್ನಡ ಒತ್ತು ಕೂಡದೆ ಮುರಿದು ಕಾಣುತ್ತಿತ್ತು. ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸತೊಡಗಿದ್ದು 2012ರ ಆವೃತ್ತಿಯಲ್ಲಿ.

ಹೀಗಾಗಿ ವಿನ್ಯಾಸಕಾರರಿಗೆ ಒಂದು ಅಭ್ಯಾಸ ಬಿದ್ದುಹೋಯಿತು: ಕರಡನ್ನು ಇಂಗ್ಲಿಷಿನಲ್ಲಿ ಮಾಡುವುದು, ಒಪ್ಪಿಗೆಯಾದ ಮೇಲೆ ಕನ್ನಡ ತುಂಬುವುದು. ಇಂಗ್ಲಿಷೂ ಇಲ್ಲದಿದ್ದರೆ ‘ಲೋರೆಮ್ ಇಪ್ಸಮ್’ ಎಂಬ ಹುಸಿ ಲ್ಯಾಟಿನ್. ಸಿಸೆರೊನ ಗ್ರಂಥವೊಂದನ್ನು ಕೊಚ್ಚಿ ಮಾಡಿದ ಈ ಪಠ್ಯವನ್ನು 1960ರ ದಶಕದಲ್ಲಿ ಲೆಟ್ರಾಸೆಟ್ ಹಾಳೆಗಳು, ಅನಂತರ ಪೇಜ್‌ಮೇಕರ್ ಪ್ರಚಾರಕ್ಕೆ ತಂದವು. ಲ್ಯಾಟಿನ್ ಪದಗಳು ಗಿಡ್ಡ, ಸಾಲಿನ ಕೆಳಗೆ ಒತ್ತುಗಳು ನೇತಾಡುವುದಿಲ್ಲ. ಆ ಅಳತೆಗೆ ಹೊಲಿದ ಅಂಗಿಯೊಳಗೆ ‘ಸಂಪರ್ಕಿಸಬೇಕಾದವರು’ ಎಂಬ ಪದ ತೂರುವುದಾದರೂ ಹೇಗೆ? ಗುಂಡಿಯ ಚೌಕದಿಂದ ಪದ ಹೊರಚಾಚುತ್ತದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ, ಇಲ್ಲವೇ ಚೌಕದ ಅಂಚಿನಲ್ಲಿ ಒತ್ತೇ ಕತ್ತರಿಸಿಹೋಗುತ್ತದೆ. ‘ರಾಜರಾಜೇಶ್ವರಿ’ಯ ವಕಾರ ಮಾಯವಾದರೆ ಹೆಸರೇ ಬದಲಾದಂತೆ.

ಸಾಧನದ ಆಯ್ಕೆ ಈ ದೃಷ್ಟಿಯಿಂದ ನಡೆಯಬೇಕು. ಯಾವುದು ಎಲ್ಲಿರಬೇಕೆಂದು ನಿರ್ಧರಿಸುವ ಮೊದಲ ಹಂತಕ್ಕೆ ಪೆನ್ಸಿಲು ಮತ್ತು ಚೌಕುಳಿ ಹಾಳೆಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಚೌಕಕ್ಕೆ ಭಾಷೆಯ ಹಂಗಿಲ್ಲ, ಅಳಿಸಲು ಬೇಸರವೂ ಇಲ್ಲ. ಬಣ್ಣ, ಚಿತ್ರಗಳನ್ನು ನಾಲ್ಕು ಜನ ಕೂತು ನೋಡಲು ಫಿಗ್ಮಾದಂಥ ತಂತ್ರಾಂಶ ಅನುಕೂಲ. ಅಕ್ಷರ ಬಂದೊಡನೆ ಮಾತ್ರ ಬ್ರೌಸರಿನಲ್ಲೇ ಕಟ್ಟಿ ನೋಡುವುದು ಕ್ಷೇಮ, ಏಕೆಂದರೆ ಓದುಗನ ಮುಂದೆ ಒತ್ತನ್ನು ಕೂಡಿಸುವುದು ಬ್ರೌಸರೇ ಹೊರತು ಚಿತ್ರ ತಂತ್ರಾಂಶವಲ್ಲ. ಅಲ್ಲಿ ತುಂಬಬೇಕಾದದ್ದು ನಿಜವಾದ ಕನ್ನಡ: ಸೇವೆಗಳ ಪಟ್ಟಿ, ಜಾತ್ರೆಯ ದಿನಾಂಕ, ಉದ್ದನೆಯ ಹೆಸರುಗಳು. ಇಂಗ್ಲಿಷಿಗೆ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಸಾಲಿನೆತ್ತರ ಸಾಕೆನಿಸಿದರೆ, ಕನ್ನಡಕ್ಕೆ ಅದಕ್ಕಿಂತ ತುಸು ಹೆಚ್ಚೇ ಇರಲಿ. ಬಳ್ಳಾರಿಯ ಮೊಳೆ ಜೋಡಿಸುವವರು ಸಾಲುಗಳ ನಡುವೆ ಸೀಸದ ಪಟ್ಟಿ ಇಟ್ಟು ಮಾಡುತ್ತಿದ್ದ ಕೆಲಸವೂ ಇಷ್ಟೇ.