ತವರಿಲ್ಲದ ತೋಟಾ

ನಮ್ಮ ಮನೆಯ ಅಟ್ಟದ ಮೇಲೆ ಹಲಸಿನ ಮರದ ಪೆಟ್ಟಿಗೆಯೊಂದಿದೆ. ಅದರ ತುಂಬ ಅಜ್ಜನ ಲೆಕ್ಕದ ಪುಸ್ತಕಗಳು. ಏಲಕ್ಕಿ ಎಷ್ಟು ತೂಗಿತು, ಆಳುಗಳ ಬಟವಾಡೆ ಎಷ್ಟಾಯಿತು, ದೇವಸ್ಥಾನಕ್ಕೆ ಕೊಟ್ಟ ಎಣ್ಣೆ ಎಷ್ಟು ಎಂಬ ಬಾಬುಗಳ ನಡುವೆ, 1964ನೆಯ ಇಸವಿಯ ಪುಸ್ತಕದಲ್ಲಿ ಎರಡು ಪುಟಗಳು ಮಾತ್ರ ಬೇರೆ ಬಗೆಯವು. ಎಡಗಡೆಯ ಪುಟದ ತಲೆಯಲ್ಲಿ ‘ದೊರೆಯ ಕೋವಿ’ ಎಂದಿದೆ. ಬಲಗಡೆಯದರಲ್ಲಿ ‘ಸರಕಾರಿ ಕೋವಿ’. ಹೆಣ್ಣು ನೋಡಿ ಬಂದವರು ಎರಡು ಸಂಬಂಧಗಳನ್ನು ತೂಗಿ ನೋಡುವಂತೆ, ಅಜ್ಜ ಎರಡು ಕೋವಿಗಳ ಗುಣದೋಷಗಳನ್ನು ಒಂದೊಂದಾಗಿ ಬರೆದಿಟ್ಟಿದ್ದಾರೆ.

ಈ ಪುಟಗಳನ್ನು ನಾನು ಓದಿದ್ದು ಕಳೆದ ವರ್ಷ, ಅಪ್ಪ ತೀರಿಕೊಂಡ ಮೇಲೆ. ಪರವಾನಗಿ ಇದ್ದವರು ಹೋದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ವಾರಸುದಾರನಿಗೆ ಬೇಕಿದ್ದರೆ ತನ್ನ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಹಾಕಿಕೊಳ್ಳಬೇಕು. ನಾನೋ ಹಳಗನ್ನಡ ಪಾಠ ಹೇಳುವ ಮೇಷ್ಟರು. ಕೋವಿಯನ್ನು ಆಯುಧಪೂಜೆಯ ದಿನ ಒರೆಸಿ ಕುಂಕುಮ ಇಟ್ಟದ್ದುಂಟು, ಅಷ್ಟೇ. ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತಿಳಿಯದೆ, ಅಜ್ಜ ಇದನ್ನೇ ಏಕೆ ಕೊಂಡರು ಎಂದು ಹುಡುಕಲು ಹೊರಟೆ. ಹುಡುಕುತ್ತ ಹೋದಂತೆ ವಿಷಯ ನಮ್ಮ ಮನೆಯ ಅಟ್ಟವನ್ನು ದಾಟಿ ಎಲ್ಲಿಯವರೆಗೋ ಹೋಯಿತು.

ಅದಕ್ಕೆ ಮೊದಲು ಮಾತಿನ ಮೇಲೊಂದು ಮಾತು; ಇದು ನನ್ನ ಕಸುಬಿನ ಚಾಳಿ, ಓದುಗರು ಮನ್ನಿಸಬೇಕು. ಕೋವಿ ಎಂದರೆ ಕನ್ನಡದಲ್ಲಿ ಟೊಳ್ಳಾದ ಕೊಳವೆ. ಬಂದೂಕು ಅರಬ್ಬಿಯಿಂದ ಬಂದದ್ದು. ಅಲ್ಲಿ ಅದರ ಮೂಲಕ್ಕೆ ಗುಂಡನೆಯ ಒಂದು ಕಾಯಿ ಎಂದು ಅರ್ಥ. ತುಪಾಕಿ ತುರುಕರ ಮಾತು. ಕಾಡತೂಸು ಪರಂಗಿಯವರ ಹಡಗಿನಲ್ಲಿ ಇಳಿದದ್ದು. ಆಯುಧ ಎಲ್ಲೆಲ್ಲಿಂದಲೋ ಬಂದಿತು, ನಮ್ಮವರು ಅದನ್ನು ಕೈಗೆತ್ತಿಕೊಂಡು ನೋಡಿ ‘ಇದೊಂದು ಕೊಳವೆ’ ಎಂದರು. ಮಲೆನಾಡಿನ ಹಳೆಯ ಕೇಪಿನ ಕೋವಿಯನ್ನು ಕಂಡವರಿಗೆ ಆ ಹೆಸರು ಎಷ್ಟು ಸರಿ ಎಂಬುದು ತಿಳಿಯುತ್ತದೆ. ಬಾಯಿಯ ಕಡೆಯಿಂದ ಮದ್ದು ಸುರಿದು, ಕತ್ತವೋ ಚಿಂದಿಯೋ ತುರುಕಿ, ಗುಂಡನ್ನೋ ಚರೆಯನ್ನೋ ಇಳಿಸಿ, ಗಜ ಹಾಕಿ ಜಡಿದು, ಹಿಂದೆ ಕೇಪು ಸಿಕ್ಕಿಸಿದರೆ ಒಂದು ಈಡು. ನಮ್ಮ ಕಡೆಯ ಮಳೆಯಲ್ಲಿ ಮದ್ದು ತೇವ ಹಿಡಿದರೆ ಅದೂ ಇಲ್ಲ. ಹಂದಿ ಗದ್ದೆಯಲ್ಲೇ ಇರುತ್ತದೆ, ಕೋವಿ ‘ಟಿಕ್’ ಎನ್ನುತ್ತದೆ. ಅಜ್ಜನ ಕೈಯಲ್ಲಿ ಮೊದಲು ಇದ್ದದ್ದು ಅಂಥದೇ ಕೋವಿ. ಹಿತ್ತಾಳೆಯ ಗೂಡಿನಲ್ಲಿ ಮದ್ದು, ಗುಂಡು, ಕೇಪು ಮೂರನ್ನೂ ಒಟ್ಟಿಗೆ ಬಂಧಿಸಿಟ್ಟ ತೋಟಾ ಆಷಾಢದ ಮಳೆಗೂ ಜಗ್ಗುವುದಿಲ್ಲ ಎಂಬುದೇ ಅವರಿಗೆ ದೊಡ್ಡ ಆಕರ್ಷಣೆಯಾಗಿದ್ದಿರಬೇಕು.

ಎಡ ಪುಟದ ‘ದೊರೆಯ ಕೋವಿ’ ಎಂದರೆ ಊರಿಗೆ ಹೊರಟಿದ್ದ ಒಬ್ಬ ಕಾಫಿ ತೋಟದ ಸಾಹೇಬರ ಜೋಡಿ ನಳಿಗೆಯ ರೈಫಲ್ಲು; .450/400 ಎಂಬ ಅಳತೆಯದು. ಈ ಎರಡು ಅಂಕೆಗಳ ಒಗಟನ್ನು ಬಿಡಿಸಲು ನನಗೆ ಕೆಲವು ದಿನಗಳೇ ಹಿಡಿದವು. .450 ಇಂಚಿನ ತೋಟಾದ ಗೂಡನ್ನು ತೆಗೆದುಕೊಂಡು, ಅದರ ಕುತ್ತಿಗೆಯನ್ನು .400ರ ಗುಂಡಿಗೆ ತಕ್ಕಂತೆ ಹಿಸುಕಿದ್ದು ಎಂದು ಅದರ ಅರ್ಥ. ಮೊದಲನೆಯದು ತಾಯಿಯ ಹೆಸರು, ಎರಡನೆಯದು ಮಗುವಿನದು. ಹೊಗೆ ಕಾರುವ ಕಪ್ಪು ಮದ್ದಿನ ಕಾಲದಲ್ಲಿ ಹುಟ್ಟಿ, ಕಾರ್ಡೈಟ್ ಬಂದ ಮೇಲೆ ಹೊಸ ಜನ್ಮ ಪಡೆದ ತೋಟಾ ಇದು. ಜಿಮ್ ಕಾರ್ಬೆಟ್ ಸಾಹೇಬರಲ್ಲಿಯೂ ಇದೇ ಅಳತೆಯ ಕೋವಿಯೊಂದಿತ್ತು. ಸಾಹೇಬರು ಕೇಳಿದ ಬೆಲೆ ಹೆಚ್ಚೇನಲ್ಲ, ಹೊರಡುವ ಅವಸರದಲ್ಲಿ ಇದ್ದರು. ಅಜ್ಜ ಗುಣದ ಕಡೆ ‘ಬಲ ಬಹಳ, ಚೆಲುವು ಬಹಳ’ ಎಂದು ಬರೆದು, ದೋಷದ ಕಡೆ ಒಂದೇ ಮಾತು ಬರೆದಿದ್ದಾರೆ: ‘ಈಡು ವಿಲಾಯತಿಯಿಂದ ಬರಬೇಕು’.

ಬಲ ಪುಟದ ‘ಸರಕಾರಿ ಕೋವಿ’ ಬಂಗಾಳದ ಈಶಾಪುರದ ಕಾರ್ಖಾನೆಯದು. ಜನರ ಬಾಯಲ್ಲಿ ‘ತ್ರೀ ಫಿಫ್ಟೀನ್’. ನಮ್ಮ ದೇಶದಲ್ಲಿ ರೈಫಲ್ಲು ಇಟ್ಟುಕೊಳ್ಳಬಯಸಿದ ಸಾಮಾನ್ಯ ಗೃಹಸ್ಥನಿಗೆ ದಕ್ಕಿದ್ದು ಬಹುಮಟ್ಟಿಗೆ ಇದೊಂದೇ. ಈ .315 ಎಲ್ಲಿಯದು? ನನ್ನ ಕುತೂಹಲ ಇಲ್ಲಿ ಕೆರಳಿತು. ಅದು ಇಂಗ್ಲೆಂಡಿನದಲ್ಲ, ಭಾರತದ್ದೂ ಅಲ್ಲ. ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಸೈನ್ಯ 1888ರಲ್ಲಿ ತನ್ನ ಮ್ಯಾನ್‌ಲಿಕರ್ ಬಂದೂಕಿಗಾಗಿ ಮಾಡಿಸಿದ 8 ಮಿಲಿಮೀಟರಿನ ತೋಟಾ! ಎರಡು ವರ್ಷದ ಮೇಲೆ, ಕಪ್ಪು ಮದ್ದಿಗೆ ಬದಲು ಹೊಗೆ ಕಡಿಮೆಯಾದ ಮದ್ದನ್ನು ಅದರಲ್ಲಿ ತುಂಬತೊಡಗಿದರು. ಹಳೆಯ ಗೂಡು, ಹೊಸ ಉಸಿರು.

ವಿಯೆನ್ನಾದ ಚಕ್ರವರ್ತಿಯ ಸಿಪಾಯಿಯ ತೋಟಾ ಸಹ್ಯಾದ್ರಿಯ ಏಲಕ್ಕಿ ಮಲೆಗೆ ಹೇಗೆ ಬಂದಿತು? ಇದಕ್ಕೆ ಉತ್ತರ ಬೇಕಾದರೆ ನಮ್ಮನ್ನು ಆಳಿದವರ ಭಯದ ಇತಿಹಾಸವನ್ನು ನೋಡಬೇಕು. 1857ರ ದಂಗೆಗೆ ಕಿಡಿಯಾದದ್ದೇ ತೋಟಾ. ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ, ಕೊಬ್ಬು ಸವರಿದ ಕಾಗದದ ತೋಟಾ. ಅಂದಿನಿಂದ ಆಂಗ್ಲರು ಎರಡು ಪಾಠ ಕಲಿತರು. ಒಂದು, ಭಾರತೀಯ ಸಿಪಾಯಿಯ ಕೈಯಲ್ಲಿರುವ ಆಯುಧ ಗೋರಾ ಸಿಪಾಯಿಯ ಆಯುಧಕ್ಕಿಂತ ಒಂದು ತಲೆಮಾರು ಹಳೆಯದಾಗಿರಬೇಕು. ಗೋರಾಗಳು ಮಾರ್ಟಿನಿ ಹಿಡಿದಾಗ ನಮ್ಮವರಿಗೆ ಸ್ನೈಡರ್. ಇನ್ನೊಂದು, ಊರಿನ ಜನದ ಕೈಯಲ್ಲಿ ಆಯುಧವೇ ಇರಬಾರದು. ಇದ್ದರೆ ಪರವಾನಗಿಯಿಂದ ಇರಬೇಕು. 1878ರಲ್ಲಿ ಲಿಟ್ಟನ್ನನ ಕಾಲದಲ್ಲಿ ಬಂದ ಆಯುಧಗಳ ಕಾಯಿದೆ ಇದನ್ನೇ ಹೇಳಿತು. ಐರೋಪ್ಯರಿಗೆ ಅದರ ಕಾಟವಿರಲಿಲ್ಲ. ಕಾಂಗ್ರೆಸ್ಸಿನ ಆರಂಭದ ಅಧಿವೇಶನಗಳಿಂದಲೇ ಈ ಕಾಯಿದೆಯ ವಿರುದ್ಧ ದನಿ ಎದ್ದಿತ್ತು. (ನಮ್ಮ ನೆರೆಯ ಕೊಡಗಿನವರಿಗೆ ಮಾತ್ರ 1861ರಲ್ಲಿಯೇ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟಿದ್ದ. ಅದು ಇಂದಿಗೂ ನಡೆದು ಬಂದಿದೆ. ರಾಜ್ಯದ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದಿನಲ್ಲಿ ಕೋವಿಗೆ ಹೂ ಮುಡಿಸುವ ನನ್ನ ಕೊಡಗಿನ ಗೆಳೆಯರೊಬ್ಬರು ಈ ವಿಷಯದಲ್ಲಿ ನನ್ನನ್ನು ನೋಡಿ ಮೀಸೆಯಲ್ಲೇ ನಗುತ್ತಾರೆ.)

ಮೂರನೆಯ ಪಾಠವೂ ಒಂದುಂಟು: ಪ್ರಜೆಯ ಕೋವಿಗೆ ಸೈನ್ಯದ ತೋಟಾ ಹೊಂದಲೇಬಾರದು. 1907ರ ಸುಮಾರಿಗೆ .450 ಅಳತೆಯ ತೋಟಾಗಳು ಭಾರತದೊಳಗೆ ಬರಬಾರದೆಂದು ತಡೆದರು. ಹಳೆಯ ಮಾರ್ಟಿನಿ ಬಂದೂಕುಗಳ ಅಳತೆಯೂ .450, ಬೇಟೆಗೆಂದು ತರಿಸಿದ ಗುಂಡುಗಳನ್ನು ಬಿಚ್ಚಿ ಅವುಗಳಿಗೆ ತುಂಬಿಕೊಂಡಾರು ಎಂಬ ಅಂಜಿಕೆ. ತಮಾಷೆಯೆಂದರೆ ಈ ತಡೆಯಿಂದ ಬೇಟೆ ನಿಲ್ಲಲಿಲ್ಲ. ಲಂಡನ್ನಿನ ಕೋವಿಕಾರರು ಅಳತೆಯನ್ನು ಕೂದಲೆಳೆಯಷ್ಟು ಬದಲಿಸಿ .465, .470, .475, .476 ಎಂದು ಸಾಲುಸಾಲಾಗಿ ಹೊಸ ತೋಟಾಗಳನ್ನು ಹೊರತಂದರು. ತಡೆ ಮುಂದೆ ಸಡಿಲವಾಯಿತು, ಆದರೆ ಜೋಸೆಫ್ ಲ್ಯಾಂಗ್ ಕಂಪನಿಯ .470 ಇಂದಿಗೂ ಆಫ್ರಿಕಾದ ಕಾಡುಗಳಲ್ಲಿ ಉಳಿದುಕೊಂಡಿದೆ. ಕಾಯಿದೆ ಬರೆದ ಗುಮಾಸ್ತನೇ ಅದರ ತಂದೆ ಎನ್ನಬೇಕು.

ದೊಡ್ಡ ಕೋವಿಗಳ ಕಥೆ ಅದಾಯಿತು. ಸಣ್ಣ ರೈಫಲ್ಲುಗಳಲ್ಲಿ ಸೈನ್ಯದ್ದು .303, ಅದು ಪ್ರಜೆಗೆ ನಿಷಿದ್ಧ. ಹಾಗಾದರೆ .303ರ ಕೋವಿಯೊಳಗೆ ಹೊಗದ, ಆದರೆ ಅದರಷ್ಟೇ ಗಾತ್ರದ, ಅದರಂತೆಯೇ ಬುಡದಲ್ಲಿ ಅಂಚಿರುವ ಒಂದು ಪರಕೀಯ ತೋಟಾ ಬೇಕಾಯಿತು. ಆಸ್ಟ್ರಿಯಾದ ತೋಟಾ ಈ ಜಾಗಕ್ಕೆ ಹೇಳಿ ಮಾಡಿಸಿದಂತಿತ್ತು. ಮೊದಲು ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿಯವರು ಈ ಅಳತೆಯ ಬೇಟೆಯ ಕೋವಿಗಳನ್ನು ಮಾಡಿ ಕಳಿಸಿದರು. ಆಮೇಲೆ ಈಶಾಪುರ ಆ ಕೆಲಸವನ್ನು ವಹಿಸಿಕೊಂಡಿತು. ಮೈಯೆಲ್ಲ ಸೈನ್ಯದ ಲೀ-ಎನ್‌ಫೀಲ್ಡಿನದೇ. ನಳಿಗೆಯ ಒಳಗಣ ಅಳತೆ ಮಾತ್ರ ಬೇರೆ. ಈಡನ್ನು ಪುಣೆಯ ಪಕ್ಕದ ಖಡಕಿಯ ಕಾರ್ಖಾನೆ ಮಾಡತೊಡಗಿತು. ಇತ್ತ 1918ರಲ್ಲಿ ಆಸ್ಟ್ರಿಯಾದ ಸಾಮ್ರಾಜ್ಯವೇ ಒಡೆದುಹೋಯಿತು. 1930ರಲ್ಲಿ ಅಲ್ಲಿಯ ಸೈನ್ಯ ಬೇರೆ ತೋಟಾಕ್ಕೆ ಬದಲಾಯಿಸಿಕೊಂಡು ಇದನ್ನು ಕೈಬಿಟ್ಟಿತು. ಹೆತ್ತವರು ಬಿಟ್ಟ ಕೂಸನ್ನು ಸಾಕಿದವರು ಬಂಗಾಳದಲ್ಲೂ ಮಹಾರಾಷ್ಟ್ರದಲ್ಲೂ ಸಿಕ್ಕರು. ನಮ್ಮ ಭಾಷೆಯೊಳಗೆ ಇಂಥ ಶಬ್ದಗಳು ಎಷ್ಟಿಲ್ಲ! ಹುಟ್ಟಿದ ನಾಡಿನಲ್ಲಿ ಸತ್ತು, ಬಂದ ನಾಡಿನಲ್ಲಿ ಬದುಕಿರುವಂಥವು.

ಅಜ್ಜನಿಗೆ ಇದೊಂದೂ ತಿಳಿದಿರಲಿಲ್ಲ. ಅವರು ಬರೆದದ್ದು ಇಷ್ಟು: ‘ಗದ್ದೆಯ ಬದುವಿನಿಂದ ಕಾಡಿನ ಬಾಯಿಗೆ ಅರವತ್ತು ಗಜ. ಹಂದಿಗೆ ಇದು ಸಾಕು. ಈಡು ದೇಶದ್ದು. ಕೆಟ್ಟರೆ ರಿಪೇರಿ ಮಾಡುವವರುಂಟು.’ ಬಂದೂಕು ಬಲ್ಲವರು ಈ ತೋಟಾವನ್ನು ಹಳೆಯದು, ನಿಧಾನದ್ದು ಎಂದು ಹಳಿಯುತ್ತಾರೆ. ನಿಜ, 244 ಗ್ರೇನ್ ತೂಕದ ದಪ್ಪ ಗುಂಡು, ಸೆಕೆಂಡಿಗೆ ಸುಮಾರು 2000 ಅಡಿ ವೇಗ. ಹೊಸ ತೋಟಾಗಳು 3000 ಅಡಿಯ ಮೇಲೆ ಹಾರುತ್ತವೆ. ಆದರೆ ಬಯಲಿನಲ್ಲಿ ಮುನ್ನೂರು ಗಜದಾಚೆಗೆ ಹೊಡೆಯುವವನಿಗೆ ಆ ವೇಗ ಬೇಕು. ಲಂಟಾನದ ಪೊದೆಯ ಮುಂದೆ ನಿಂತವನಿಗೆ ಬೇಕಾದದ್ದು ಗುಂಡಿನ ತೂಕ. ಬುಡದ ಅಂಚಿನಿಂದಲೂ ಒಂದು ಅನುಕೂಲವಿದೆ. ತೋಟಾ ಆ ಅಂಚಿನಿಂದ ನಳಿಗೆಯ ಹಿಂಬಾಯಿಗೆ ತಾಗಿ ನಿಲ್ಲುತ್ತದೆ. ಖಾಲಿಯಾದ ಮೇಲೆ ಕೀಳುವುದಕ್ಕೂ ಹಿಡಿತ ಸಿಗುತ್ತದೆ. ಮಣ್ಣು, ಮಳೆ, ಅಂಕುಡೊಂಕು ಎಲ್ಲವನ್ನೂ ಅದು ಅಷ್ಟಿಷ್ಟು ಸಹಿಸಿಕೊಳ್ಳುತ್ತದೆ. ಒಂದೇ ಎಚ್ಚರ ಬೇಕು: ಪೆಟ್ಟಿಗೆಯಲ್ಲಿ ಪೇರಿಸುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು, ಇಲ್ಲದಿದ್ದರೆ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಅಪ್ಪ ಇದನ್ನು ನನಗೆ ಹತ್ತು ಸಲ ತೋರಿಸಿದ್ದರು. ಕಾಗುಣಿತ ಕಲಿಸಿದ ಹಾಗೆ.

ಅಗ್ಗದ ಕೋವಿ ಎಂದರೆ ಎಂಥ ಕೋವಿಯಾದರೂ ಆದೀತು ಎಂದಲ್ಲ. 1907ರಲ್ಲಿ, 436 ಜನರನ್ನು ತಿಂದಿತೆಂದು ಲೆಕ್ಕವಿದ್ದ ಚಂಪಾವತದ ಹೆಣ್ಣು ಹುಲಿಯನ್ನು ಕಾರ್ಬೆಟ್ ಬೆನ್ನಟ್ಟಿದಾಗ ಅವರ ಕೈಯಲ್ಲಿ ಬಲವಾದ .500 ರೈಫಲ್ಲೇ ಇತ್ತು. ಆದರೆ ತಂದಿದ್ದ ತೋಟಾ ಮೂರೇ. ಮೂರೂ ಮುಗಿದವು, ಗಾಯಗೊಂಡ ಹುಲಿ ಎದುರಿಗೆ ನಿಂತಿತ್ತು. ಓಡಿಹೋಗಿ ತಹಸೀಲ್ದಾರರ ಹಳೆಯ ಕೋವಿಯನ್ನು ಕಸಿದುಕೊಂಡು ಬಂದರು. ಹತ್ತಿರ ಬಂದ ಮೇಲೆ ನೋಡಿದರೆ, ನಳಿಗೆಗೂ ಅದರ ಹಿಂಗಟ್ಟಿಗೂ ನಡುವೆ ಅಂಗುಲದ ಎಂಟನೆಯ ಮೂರು ಪಾಲಿನಷ್ಟು ಸಂದು! ಹುಲಿಯ ತೆರೆದ ಬಾಯಿಗೆ ಗುರಿಯಿಟ್ಟ ಗುಂಡು ಕಾಲಿಗೆ ತಗುಲಿತಂತೆ. ಹುಲಿ ಮೊದಲಿನ ಗಾಯಗಳಿಂದಲೇ ಸಾಯುವ ಸ್ಥಿತಿಯಲ್ಲಿದ್ದುದರಿಂದ ಸಾಹೇಬರು ಉಳಿದು ಪುಸ್ತಕ ಬರೆದರು. ಎಷ್ಟು ಒಳ್ಳೆಯ ಕೋವಿಯಾದರೂ ಈಡು ಮುಗಿದ ಮೇಲೆ ಊರುಗೋಲು.

ದೊರೆಯ ಕೋವಿಗೆ ಆದದ್ದೂ ಅದೇ. ಅದನ್ನು ಪಕ್ಕದ ಎಸ್ಟೇಟಿನವರು ಕೊಂಡರು. ಆಗಲೇ ವಿದೇಶೀ ವಿನಿಮಯದ ಬಿಗಿ. ಹೊರಗಿನ ಈಡು ತರಿಸುವುದು ಕಷ್ಟ. ಬರ್ಮಿಂಗ್‌ಹ್ಯಾಮಿನ ಕೈನಾಕ್ ಕಾರ್ಖಾನೆ ಇಂಥ ದೊಡ್ಡ ತೋಟಾಗಳನ್ನು 1960ರ ದಶಕದಲ್ಲಿ ಒಂದೊಂದಾಗಿ ನಿಲ್ಲಿಸುತ್ತ ಬಂದಿತು. ಬೆಂಗಳೂರಿನ ಕೆನೆತ್ ಆಂಡರ್ಸನ್ನರು ನೆಚ್ಚಿಕೊಂಡಿದ್ದ .405 ವಿಂಚೆಸ್ಟರಿನ ಪಾಡೂ ಅಂಥದೇ. 1904ರಲ್ಲಿ ಹುಟ್ಟಿದ ಆ ತೋಟಾವನ್ನು ಅಮೆರಿಕದವರೇ 1950ರ ದಶಕದಲ್ಲಿ ಬಿಟ್ಟರು. ಪಕ್ಕದ ಎಸ್ಟೇಟಿನ ಜೋಡಿ ನಳಿಗೆ, ನಾನು ಹುಡುಗನಾಗಿದ್ದಾಗ, ಹಜಾರದ ಗೋಡೆಯ ಮೇಲೆ ಕಡವೆಯ ಕೊಂಬಿನ ಕೆಳಗೆ ತೂಗುತ್ತಿತ್ತು. ಅದರ ಕೆತ್ತನೆ ನೋಡಲು ನಾವು ಹೋಗುತ್ತಿದ್ದೆವು.

ಅಜ್ಜನ ಕೋವಿ ಬೇಟೆಗೆ ಸಂದದ್ದು ಎಂಟೇ ವರ್ಷ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ‘ಇನ್ನು ಸಾಕು’ ಎಂದು ಅಜ್ಜ ಕಾಡಿನ ಕಡೆ ಕೋವಿ ಹಿಡಿದು ಹೋಗುವುದನ್ನೇ ಬಿಟ್ಟರಂತೆ. ಆ ಮೇಲೆ ಅದು ಬೆಳೆ ಕಾಯುವ ಹೆಸರಿನಲ್ಲಿ ಮನೆಯಲ್ಲಿದ್ದು, ಆಕಾಶಕ್ಕೆ ಹಾರಿಸಿದ ಒಂದೆರಡು ಈಡನ್ನು ಬಿಟ್ಟರೆ, ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಬರುವುದೇ ಅದರ ಸಂಚಾರವಾಯಿತು. ಕಾಯಿದೆ ಒಳ್ಳೆಯದೇ ಆಯಿತು; ಅಜ್ಜನ ಕಾಲದ ಬೇಟೆಯ ಕಥೆಗಳನ್ನು ಕೇಳಿ ಬೆಳೆದ ನಾನೂ ಇದನ್ನು ಒಪ್ಪುತ್ತೇನೆ. ನೆರೆಯ ತೋಟದ ಹಿರಿಯರೊಬ್ಬರು, ‘ಬಿಡಬೇಡ ಮಾರಾಯ, ಆನೆ ಕಾಟ ನೋಡಿದ್ದೀಯಲ್ಲ’ ಎಂದರು. ಆನೆಯ ಮೇಲೆ ಈ ಕೋವಿ ಎತ್ತಬಾರದು, ಎತ್ತಿದರೂ ಫಲವಿಲ್ಲ. ನನ್ನ ಮಗಳಿಗೆ ಅದನ್ನು ಕಂಡರೆ ಭಯ. ನನಗೆ ಅದು ಅಪ್ಪನ ಕೈ ಎಣ್ಣೆಯ ವಾಸನೆ, ಅಷ್ಟೇ. ಎರಡು ತಿಂಗಳು ಅರ್ಜಿಯ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಕೊನೆಗೆ ಬೇಡವೆಂದೇ ಬರೆದುಕೊಟ್ಟೆ.

ಠಾಣೆಯಲ್ಲಿ ಬರೆದುಕೊಳ್ಳುವವರು ತಗಡಿನ ಡಬ್ಬಿಯಲ್ಲಿ ಉಳಿದಿದ್ದ ತೋಟಾಗಳನ್ನು ಎಣಿಸಿದರು. ಹನ್ನೊಂದು. ಬುಡದಲ್ಲಿ ಖಡಕಿಯ ಗುರುತು, ಹಿತ್ತಾಳೆ ಕಂದಿ ಕಪ್ಪಾಗಿತ್ತು.

“ಮೇಷ್ಟ್ರೇ, ಖಾಲಿದು ಏನಾದರೂ ಇದೆಯಾ?” ಎಂದರು.

ಒಂದಿತ್ತು. ಅಜ್ಜ ಅದನ್ನು ತುಟಿಗೆ ಒತ್ತಿ ಊದಿದರೆ ಗದ್ದೆಯಾಚೆಯ ಆಳುಗಳು ಊಟಕ್ಕೆ ಬರುತ್ತಿದ್ದರು. ನಾವು ಮಕ್ಕಳು ಅದಕ್ಕೆ ಜಗಳವಾಡುತ್ತಿದ್ದೆವು. ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ.

“ಇದು ಪೀಪಿ,” ಎಂದೆ.

ಅವರು ಅದನ್ನು ಎತ್ತಿ, ತಿರುಗಿಸಿ ನೋಡಿ, ಒಮ್ಮೆ ಊದಿಯೂ ನೋಡಿದರು. ಹೊರಗೆ ಜಗಲಿಯಲ್ಲಿ ಕೂತಿದ್ದ ಪೇದೆ ಎದ್ದು ಒಳಗೆ ಬಂದ.