ಕಾಫಿಯ ಪೂಲ್ ಪದ್ಧತಿಯೂ ಸರ್ಕಾರದ ರಫ್ತು ನೀತಿಯೂ (1940–1996)

ದ್ವಿತೀಯ ಮಹಾಯುದ್ಧಕ್ಕೆ ಮುನ್ನ ಭಾರತದ ಕಾಫಿಗೆ ಮುಖ್ಯ ಗಿರಾಕಿ ಯುರೋಪು. ಅಂದಿನ ಕಡೂರು, ಹಾಸನ ಜಿಲ್ಲೆಗಳಲ್ಲಿಯೂ ಕೊಡಗಿನಲ್ಲಿಯೂ ಬೆಳೆದ ಬೀಜವು ಘಟ್ಟವಿಳಿದು ಮಂಗಳೂರು, ತಲಚೇರಿಗಳ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಹದಗೊಂಡು ಹಡಗನ್ನೇರುತ್ತಿತ್ತು. ಯುದ್ಧವು ಈ ದಾರಿಯನ್ನು ಮುಚ್ಚಿತು. ಮಾಲು ಉಳಿಯಿತು, ಬೆಲೆ ಕುಸಿಯಿತು. 1940ರಲ್ಲಿ ಸರ್ಕಾರವು ಸುಗ್ರೀವಾಜ್ಞೆಯೊಂದನ್ನು ಹೊರಡಿಸಿ, 1942ರಲ್ಲಿ ಅದನ್ನು ಶಾಸನವಾಗಿ ಮಾರ್ಪಡಿಸಿತು. ಕಾಫಿ ಮಂಡಳಿಯ ಪೂಲ್ ಪದ್ಧತಿಯ ಮೂಲವಿದು. ಸಂಕಟಕಾಲದ ಈ ಏರ್ಪಾಡು ಸಂಕಟ ಕಳೆದ ಮೇಲೂ ಅರ್ಧ ಶತಮಾನ ಉಳಿದುದೇಕೆ, ಅದರ ಲಾಭನಷ್ಟಗಳು ಯಾರ ಪಾಲಿಗೆ ಬಂದುವು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಶಾಸನದ ಮೂಲ ಹೆಸರಿನಲ್ಲಿಯೇ ‘ಮಾರುಕಟ್ಟೆಯ ವಿಸ್ತರಣೆ’ ಎಂಬ ಮಾತಿತ್ತು. ವಿಸ್ತರಿಸಬೇಕಾಗಿದ್ದುದು ಸ್ವದೇಶದ ಮಾರುಕಟ್ಟೆ. 1935ರ ಸೆಸ್ ಸಮಿತಿಯ ಕಾಲದಲ್ಲಿಯೇ ಆರಂಭವಾಗಿದ್ದ ಕಾಫಿ ಹೌಸುಗಳು ಈ ಉದ್ದೇಶಕ್ಕೆ ಒದಗಿದುವು. ಬೆಳೆಗಾರನು ಒಂದು ಗೊತ್ತಾದ ಪಾಲನ್ನು ಒಳನಾಡಿನಲ್ಲಿ ತಾನೇ ಮಾರಿ, ಮಿಕ್ಕುದನ್ನು ‘ಹೆಚ್ಚುವರಿ ಸಂಗ್ರಹ’ಕ್ಕೆ ಒಪ್ಪಿಸತಕ್ಕದ್ದೆಂದು ಶಾಸನವು ವಿಧಿಸಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಆ ಒಳನಾಡಿನ ಪಾಲು ಇಲ್ಲವಾಗಿ, ಮನೆಬಳಕೆಗೂ ಬಿತ್ತನೆಗೂ ಬೇಕಾದುದನ್ನು ಬಿಟ್ಟು ಇಡೀ ಬೆಳೆಯೇ ‘ಹೆಚ್ಚುವರಿ’ ಎನಿಸಿತು. ಶಬ್ದಗಳು ಅರ್ಥ ಬದಲಿಸುವುದನ್ನು ಬಲ್ಲ ಚರಿತ್ರಕಾರನಿಗೂ ಇದು ತುಸು ವಿಚಿತ್ರವಾಗಿಯೇ ತೋರುತ್ತದೆ.

ಪೂಲಿನ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕಾರ್ಖಾನೆಗೆ ಒಪ್ಪಿಸಿದ ಕಾಫಿಯನ್ನು ಜಾತಿ, ದರ್ಜೆಗಳಿಗನುಸಾರವಾಗಿ ವಿಂಗಡಿಸಿ ಅದಕ್ಕೆ ಇಷ್ಟು ಪಾಯಿಂಟುಗಳೆಂದು ಲೆಕ್ಕ ಹಿಡಿಯುತ್ತಿದ್ದರು. ಒಳನಾಡಿಗೊಂದು, ರಫ್ತಿಗೊಂದು ಎಂದು ಹರಾಜುಗಳು ಬೇರೆ ಬೇರೆ ನಡೆಯುತ್ತಿದ್ದುವು. ಬಂದ ಹಣವೆಲ್ಲ ಒಂದೇ ನಿಧಿಗೆ ಸೇರಿ, ಖರ್ಚು ಕಳೆದು, ಪಾಯಿಂಟುಗಳ ಪ್ರಕಾರ ಕಂತುಕಂತಾಗಿ ಬೆಳೆಗಾರರಿಗೆ ಹಂಚಿಕೆಯಾಗುತ್ತಿತ್ತು. ತನ್ನ ಬೀಜ ವಿದೇಶಕ್ಕೆ ಹೋಯಿತೇ, ಬೆಂಗಳೂರಿನ ಅಂಗಡಿಗೆ ಬಂದಿತೇ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ತಿಳಿದರೂ ದೊರೆಯುವ ಹಣದಲ್ಲಿ ವ್ಯತ್ಯಾಸವಿರಲಿಲ್ಲ. ಖರೀದಿದಾರರೆದುರು ಚೌಕಾಸಿಗೆ ಬಲವಿಲ್ಲದ ಸಣ್ಣ ಹಿಡುವಳಿದಾರನಿಗೆ ಇದೊಂದು ಆಸರೆಯಾಗಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಕಂತುಗಳಿಗಾಗಿ ದೀರ್ಘಕಾಲ ಕಾಯುವ ಕಷ್ಟವೂ ಅವನಿಗೇ ಹೆಚ್ಚು. ಹೀಗೆ ಒಪ್ಪಿಸುವುದು ‘ಮಾರಾಟ’ವೇ ಎಂಬ ಪ್ರಶ್ನೆ ತೆರಿಗೆಯ ನಿಮಿತ್ತವಾಗಿ ಎದ್ದು, 1988ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮಾರಾಟವೆಂದೇ ನಿರ್ಣಯಿಸಿತು. ಮಾರುವವನಿಗೆ ಮಾರದಿರುವ ಸ್ವಾತಂತ್ರ್ಯವಾಗಲಿ ಬೆಲೆ ಹೇಳುವ ಅಧಿಕಾರವಾಗಲಿ ಇರಲಿಲ್ಲವೆಂಬುದು ಬೇರೆ ಮಾತು.

ಯುದ್ಧಾನಂತರ ನೀತಿಯ ದಿಕ್ಕು ಬದಲಾಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯ (1956–61) ಕಾಲಕ್ಕೆ ವಿದೇಶೀ ವಿನಿಮಯದ ಅಭಾವ ತೀವ್ರವಾಯಿತು. ಸ್ವದೇಶದ ಮಾರುಕಟ್ಟೆಯನ್ನು ಬೆಳೆಸಲು ಹುಟ್ಟಿದ ಸಂಸ್ಥೆಯೇ ಈಗ ಡಾಲರು, ಪೌಂಡುಗಳನ್ನು ತರುವ ಸಾಧನವಾಯಿತು. ಪೂಲ್ ಉಳಿದುದರ ಮುಖ್ಯ ಕಾರಣ ಇದೇ ಎಂದು ನಮ್ಮ ಅಭಿಪ್ರಾಯ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದವು ರಫ್ತಿಗೆ ಕೋಟಾಗಳನ್ನು ನಿಗದಿಮಾಡಲು, ಅದನ್ನು ಪಾಲಿಸಿ ಹಂಚಲು ದೇಶದೊಳಗೆ ಒಂದೇ ಕೈಯಲ್ಲಿ ಮಾಲು ಇರುವುದು ಅನುಕೂಲವಾಗಿಯೇ ಪರಿಣಮಿಸಿತು. ಕೋಟಾದ ಹೊರಗಿನ ಸೋವಿಯತ್ ಒಕ್ಕೂಟವು ರೂಪಾಯಿ ವ್ಯಾಪಾರದಲ್ಲಿ ದೊಡ್ಡ ಗಿರಾಕಿಯಾಯಿತು. 1950–51ರಲ್ಲಿ ಸುಮಾರು 19,000 ಟನ್ನಿದ್ದ ಉತ್ಪತ್ತಿ 1990–91ರಲ್ಲಿ ಸುಮಾರು 1,70,000 ಟನ್ನಿಗೇರಿತು. ಪೂಲ್ ಕೃಷಿಯನ್ನು ಕುಗ್ಗಿಸಿತೆನ್ನುವವರು ಈ ಅಂಕಿಗಳಿಗೆ ಉತ್ತರ ಹೇಳಬೇಕು.

ಬ್ರೆಜಿಲಿನ ಎರಡು ಹಿಮಪಾತಗಳನ್ನು ಹೋಲಿಸಿದರೆ ಪದ್ಧತಿಯ ಸ್ವರೂಪ ಸ್ಪಷ್ಟವಾಗುತ್ತದೆ. 1975ರ ಜುಲೈನಲ್ಲಿ ಅಲ್ಲಿನ ಗಿಡಗಳು ಸುಟ್ಟುಹೋಗಿ ಲೋಕದ ಬೆಲೆ ಗಗನಕ್ಕೇರಿತು. ನಮ್ಮ ಸರ್ಕಾರವು ರಫ್ತು ಸುಂಕವನ್ನು ಹೇರಿತು. ಏರಿದ ಬೆಲೆಯ ಒಂದು ಭಾಗ ಬೊಕ್ಕಸಕ್ಕೆ ಹೋಯಿತು, ಉಳಿದುದು ಪೂಲಿನ ಸರಾಸರಿಯಲ್ಲಿ ಕರಗಿತು. 1994ರಲ್ಲಿ ಬ್ರೆಜಿಲಿಗೆ ಮತ್ತೆ ಹಿಮ ಬಡಿಯಿತು. ಈ ನಡುವೆ 1989ರ ಜುಲೈನಲ್ಲಿ ಕೋಟಾಗಳು ರದ್ದಾಗಿದ್ದುವು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಗಿತ್ತು. ಪೂಲನ್ನು ನಿಲ್ಲಿಸಿದ್ದ ಎರಡು ಕಂಬಗಳು ಬಿದ್ದಿದ್ದುವು. 1992ರಿಂದ ಬೆಳೆಗಾರನಿಗೆ ಶೇಕಡ 30ರಷ್ಟನ್ನು ಒಳನಾಡಿನಲ್ಲಿ ಮಾರುವ ಹಕ್ಕು ಮರಳಿತ್ತು. ಮರೆತುಹೋಗಿದ್ದ 1942ರ ಏರ್ಪಾಡೇ ಅದು! ಅನಂತರ ಸ್ವತಂತ್ರ ಮಾರಾಟದ ಪಾಲು ಇನ್ನೂ ಹಿಗ್ಗಿತು. ಆದ್ದರಿಂದ 1994ರ ಏರಿಕೆಯ ಫಲವನ್ನು ಬೆಳೆಗಾರನು ಬಹುಮಟ್ಟಿಗೆ ತಾನೇ ಉಂಡನು. ಆ ಅನುಭವವಾದ ಮೇಲೆ ಹಿಂದಿರುಗುವ ಮಾತು ಉಳಿಯಲಿಲ್ಲ. 1996ರಲ್ಲಿ ಇಡೀ ಬೆಳೆ ಪೂಲಿನಿಂದ ಮುಕ್ತವಾಯಿತು.

ಐದಾರು ವರ್ಷಗಳಲ್ಲಿಯೇ ವಿಯಟ್ನಾಮಿನ ರೋಬಸ್ಟವೂ ಬ್ರೆಜಿಲಿನ ಹೊಸ ತೋಟಗಳ ಬೆಳೆಯೂ ಸಂತೆಯನ್ನು ತುಂಬಿದುವು. 2001–02ರಲ್ಲಿ ಲೋಕದ ಬೆಲೆ ಮೂರು ದಶಕಗಳಲ್ಲಿ ಕಾಣದಷ್ಟು ಕೆಳಗಿಳಿಯಿತು. ಈ ಸಲ ನಷ್ಟವನ್ನು ಹಂಚಿಕೊಳ್ಳಲು ಸರಾಸರಿ ಎಂಬುದಿರಲಿಲ್ಲ. ಬೆಳೆಗಾರರು ಸಾಲದ ಮರುಹೊಂದಾಣಿಕೆಯನ್ನು ಕೋರಿ ಸರ್ಕಾರದ ಬಾಗಿಲಿಗೆ ಹೋದರು.